ರೈಟ್ ಕ್ಲಿಕ್ ಬರ್ತಿಲ್ಲ, ಮೌಸ್ ಚೆನ್ನಾಗೇ ಇದೆ: ಆಫೀಸ್ ಕಂಪ್ಯೂಟರ್‌ಗಳ ಮೆನು ನಿರ್ಬಂಧದಲ್ಲಿ ದೋಷ ಹುಡುಕುವ ಬಗೆ

ಕ್ಯಾಷ್ ಕೌಂಟರ್ ಮೇಜಿನ ಮೇಲೆ ಮೂರು ಮೌಸ್ ಇದ್ದವು. ಒಂದು ಹಳೆಯದು. ಒಂದು ಪಕ್ಕದ ಟೇಬಲ್‌ನಿಂದ ಬಿಚ್ಚಿ ತಂದದ್ದು. ಮೂರನೆಯದು ಅವತ್ತು ಬೆಳಿಗ್ಗೆ ತಾನೇ ಅಂಗಡಿಯಿಂದ ತರಿಸಿದ್ದು, ಅದರ ಡಬ್ಬಿ ಕೂಡ ಅಲ್ಲೇ ಇತ್ತು.

"ನೋಡ್ರಿ ಸರ್, ಮೂರರಲ್ಲೂ ರೈಟ್ ಕ್ಲಿಕ್ ಬರ್ತಾನೇ ಇಲ್ಲ" ಅಂದರು ಕೌಂಟರ್‌ನ ಅಕ್ಕ.

ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಪತ್ತಿನ ಸಹಕಾರ ಸಂಘದ ಆಫೀಸ್ ಅದು. 14 ಕಂಪ್ಯೂಟರ್, ಒಂದು ಸರ್ವರ್. ನೋಡಿಕೊಳ್ಳುವ ಕೆಲಸ ನನ್ನದು. ನಾನು ನೋಟ್‌ಪ್ಯಾಡ್ ತೆರೆದು, ಎರಡು ಅಕ್ಷರ ಟೈಪ್ ಮಾಡಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿದೆ. ಕಟ್, ಕಾಪಿ, ಪೇಸ್ಟ್ ಎಲ್ಲ ಬಂತು. ಆಮೇಲೆ ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಮಾಡಿದೆ. ಏನೂ ಬರಲಿಲ್ಲ.

ಮೌಸ್ ಕೆಟ್ಟಿದ್ದರೆ ಎಲ್ಲ ಕಡೆಯೂ ಕೆಡಬೇಕು ಅಲ್ವಾ? ಒಂದು ಕಡೆ ಬಂದು ಇನ್ನೊಂದು ಕಡೆ ಬರುತ್ತಿಲ್ಲ ಅಂದರೆ ಅಲ್ಲಿ ಯಾರೋ ಬೀಗ ಹಾಕಿದ್ದಾರೆ. ವಿಂಡೋಸ್‌ನಲ್ಲಿ ಈ ಮೆನು ತೆಗೆಯುವ ಗ್ರೂಪ್ ಪಾಲಿಸಿ, ಅಂದರೆ ಅಡ್ಮಿನ್ ಬಳಕೆದಾರರಿಗೂ ಕಂಪ್ಯೂಟರ್‌ಗಳಿಗೂ ಹಾಕುವ ನಿಯಮ, ಡೆಸ್ಕ್‌ಟಾಪ್‌ಗೆ ಮತ್ತು ಫೈಲ್ ಎಕ್ಸ್‌ಪ್ಲೋರರ್‌ಗೆ ಮಾತ್ರ ತಗಲುತ್ತದೆ. ನೋಟ್‌ಪ್ಯಾಡ್, ಎಕ್ಸೆಲ್, ಬ್ರೌಸರ್ ಒಳಗಿನ ಮೆನುಗಳ ತಂಟೆಗೆ ಹೋಗುವುದಿಲ್ಲ.

ಸಣ್ಣ ಆಫೀಸ್‌ಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ನಿರ್ಬಂಧ ತೆಗೆಯುವ ಮೊದಲು ಅದು ಎಲ್ಲಿಂದ ಬಂದಿದೆ ಅಂತ ಕಂಡುಹಿಡಿಯಿರಿ. ಮೂಲ ಗೊತ್ತಿಲ್ಲದೆ ಕಂಡ ಕಂಡ ಕಡೆ ಕೈ ಹಾಕಿದರೆ ಅವತ್ತು ಸರಿಯಾದ ಹಾಗೆ ಕಾಣುತ್ತದೆ, ಆಮೇಲೆ ಬೀಗ ಮತ್ತೆ ಬಿದ್ದಿರುತ್ತದೆ.

ವ್ಯಕ್ತಿಯ ಹಿಂದೆ ಬರುತ್ತದೋ, ಯಂತ್ರದಲ್ಲೇ ಉಳಿಯುತ್ತದೋ

ಯಾವ ಟೂಲ್ ತೆರೆಯುವ ಮೊದಲೂ ಈ ಒಂದು ಪರೀಕ್ಷೆ ಮಾಡಿ. ತೊಂದರೆ ಇರುವವರನ್ನು ಪಕ್ಕದ ಕಂಪ್ಯೂಟರ್‌ನಲ್ಲಿ ಅವರ ಹೆಸರಿನಿಂದಲೇ ಲಾಗಿನ್ ಆಗಲು ಹೇಳಿ. ತೊಂದರೆ ಅಲ್ಲಿಗೂ ಬಂದರೆ ಬೀಗ ಇರುವುದು ಅವರ ಖಾತೆಗೆ. ಬರದಿದ್ದರೆ ಇನ್ನೊಬ್ಬರನ್ನು ಕರೆದು ಆ ಮೊದಲಿನ ಕಂಪ್ಯೂಟರ್‌ನಲ್ಲಿ ಲಾಗಿನ್ ಮಾಡಿಸಿ. ಅವರಿಗೂ ಅದೇ ತೊಂದರೆ ಆದರೆ ಬೀಗ ಇರುವುದು ಯಂತ್ರಕ್ಕೆ. ಅವರಿಗೆ ಸರಿಯಾಗಿ ಬಂದು, ಇವರಿಗೆ ಆ ಒಂದೇ ಯಂತ್ರದಲ್ಲಿ ಬರುತ್ತಿಲ್ಲ ಅಂದರೆ ಆ ಯಂತ್ರದಲ್ಲಿರುವ ಇವರ ಪ್ರೊಫೈಲ್ ಒಳಗೆ, ಅಂದರೆ ಇವರ ಸ್ವಂತ ಸೆಟ್ಟಿಂಗ್‌ಗಳಲ್ಲಿ, ಯಾರೋ ಕೈಯಿಂದ ಏನೋ ಬರೆದಿದ್ದಾರೆ.

ಐದು ನಿಮಿಷದ ಕೆಲಸ. ಹುಡುಕಬೇಕಾದ ಜಾಗದಲ್ಲಿ ಮುಕ್ಕಾಲು ಪಾಲು ಇದರಲ್ಲೇ ಕಡಿಮೆಯಾಗುತ್ತದೆ. ನಮ್ಮ ಅಕ್ಕ ಸಾಲದ ವಿಭಾಗದ ಕಂಪ್ಯೂಟರ್‌ನಲ್ಲಿ ಕೂತರು. ಅಲ್ಲೂ ರೈಟ್ ಕ್ಲಿಕ್ ಇಲ್ಲ. ಅಲ್ಲಿಗೆ ಕೌಂಟರ್ ಕಂಪ್ಯೂಟರ್ ಮೇಲಿನ ಅನುಮಾನ ಹೋಯಿತು.

ತೆರೆಯ ಮೇಲೆ ಬರುವ ಸಂದೇಶವನ್ನೂ ಪೂರ್ತಿ ಓದಿ. 'ಈ ಕಂಪ್ಯೂಟರ್‌ನಲ್ಲಿ ಜಾರಿಯಲ್ಲಿರುವ ನಿರ್ಬಂಧಗಳಿಂದಾಗಿ ಈ ಕೆಲಸ ರದ್ದಾಗಿದೆ, ಸಿಸ್ಟಂ ಅಡ್ಮಿನಿಸ್ಟ್ರೇಟರ್ ಅವರನ್ನು ಸಂಪರ್ಕಿಸಿ' ಅನ್ನುವ ಅರ್ಥದ ಇಂಗ್ಲಿಷ್ ಸಾಲು, ಮೇಲೆ 'ರಿಸ್ಟ್ರಿಕ್ಷನ್ಸ್' ಅನ್ನುವ ತಲೆಬರಹ ಕಂಡರೆ ಅದು ಪಾಲಿಸಿಯೇ. ಮತ್ತೆ ವಿಂಡೋಸ್ ಹಾಕಿಸಬೇಡಿ, ಆ್ಯಂಟಿವೈರಸ್ ಓಡಿಸುತ್ತಾ ಅರ್ಧ ದಿನ ಕಳೆಯಬೇಡಿ. ಆದರೆ ರೈಟ್ ಕ್ಲಿಕ್ ಮೆನು ತೆಗೆದಾಗ ಯಾವ ಸಂದೇಶವೂ ಬರುವುದಿಲ್ಲ. ಮೆನು ಸುಮ್ನೆ ಬರಲ್ಲ, ಅಷ್ಟೇ. ಅಕ್ಕ ಮೌಸ್ ಬದಲಾಯಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬೀಗ ಬರುವ ಮೂರು ದಾರಿ

ಒಂದು, ಸರ್ವರ್‌ನಿಂದ. ಡೊಮೇನ್ ಇರುವ ಕಡೆ, ಅಂದರೆ ಎಲ್ಲರ ಖಾತೆ, ಕಂಪ್ಯೂಟರ್‌ಗಳನ್ನು ಸರ್ವರ್ ನಿಭಾಯಿಸುವ ಕಡೆ, ಗ್ರೂಪ್ ಪಾಲಿಸಿ ಅಲ್ಲಿಂದಲೇ ಇಳಿಯುತ್ತದೆ. ವಿಂಡೋಸ್ 2000 ಕಾಲದಿಂದ ಇರುವ ವ್ಯವಸ್ಥೆ ಇದು. ಎರಡು, ಆ ಕಂಪ್ಯೂಟರ್‌ನ ಲೋಕಲ್ ಪಾಲಿಸಿಯಿಂದ, ಅಂದರೆ ಜಿಪಿಎಡಿಟ್ ಅನ್ನುವ ಪಾಲಿಸಿ ಎಡಿಟರ್ ತೆರೆದು ಹಾಕಿದ್ದು. ಮೂರು, ಯಾರೋ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಕೈಯಿಂದ ಬರೆದದ್ದು, ಅಥವಾ ಅದನ್ನು ತಾನೇ ಬರೆಯುವ ಒಂದು ರೆಜ್ ಫೈಲ್ ಡಬಲ್ ಕ್ಲಿಕ್ ಮಾಡಿ ಹೋದದ್ದು.

ಮೊದಲು ಲೋಕಲ್ ಜಾರಿಯಾಗುತ್ತದೆ, ಆಮೇಲೆ ಸೈಟ್ (ಒಂದು ಜಾಗದ ನೆಟ್‌ವರ್ಕ್), ಆಮೇಲೆ ಡೊಮೇನ್, ಕೊನೆಗೆ ಆರ್ಗನೈಸೇಷನಲ್ ಯೂನಿಟ್, ನಾವು ಬಾಯಲ್ಲಿ ಹೇಳುವ ಓಯು, ಅಂದರೆ ಸರ್ವರ್‌ನಲ್ಲಿ ಖಾತೆಗಳನ್ನೂ ಕಂಪ್ಯೂಟರ್‌ಗಳನ್ನೂ ಗುಂಪು ಮಾಡಿ ಇಡುವ ಫೋಲ್ಡರ್‌ನಂಥದ್ದು. ಎರಡು ಕಡೆ ಬೇರೆ ಬೇರೆ ಹೇಳಿದ್ದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ. ಮೇಲಿನ ಪಾಲಿಸಿಗೆ 'ಎನ್‌ಫೋರ್ಸ್ಡ್' ಹಾಕಿದ್ದರೆ ಮಾತ್ರ ಅದು ಕೆಳಗಿನದಕ್ಕೆ ಬಗ್ಗುವುದಿಲ್ಲ. ಕೆಳಗಿನ ಓಯು 'ಬ್ಲಾಕ್ ಇನ್‌ಹೆರಿಟೆನ್ಸ್' ಅಂದರೂ ನಡೆಯುವುದಿಲ್ಲ.

ಮೂಲ ತೋರಿಸುವ ಕೆಲಸಕ್ಕೆ 'ಜಿಪಿರಿಸಲ್ಟ್' ಅನ್ನುವ ಕಮಾಂಡ್ ಇದೆ. ಅದಕ್ಕೆ ಸ್ಲ್ಯಾಶ್ ಎಚ್ ಸೇರಿಸಿ ಒಂದು ಫೈಲ್ ಹೆಸರು ಕೊಟ್ಟರೆ ಬ್ರೌಸರ್‌ನಲ್ಲಿ ಓದುವಂಥ ವರದಿ ಸಿಗುತ್ತದೆ. ಆ ವರದಿಯಲ್ಲಿ ಪ್ರತಿ ಸೆಟ್ಟಿಂಗ್ ಮುಂದೆ 'ವಿನ್ನಿಂಗ್ ಜಿಪಿಒ' (ಗೆದ್ದ ಪಾಲಿಸಿ) ಅಂತ ಒಂದು ಕಾಲಂ ಇರುತ್ತದೆ. ಈ ನಿರ್ಬಂಧ ಯಾವ ಪಾಲಿಸಿಯಿಂದ ಬಂತು ಅನ್ನುವ ಉತ್ತರ ಅಲ್ಲೇ ಬರೆದಿರುತ್ತದೆ.

ಇಲ್ಲಿ ತುಂಬ ಜನ ಎಡವುವ ಒಂದು ಜಾಗ ಇದೆ. ಕೌಂಟರ್ ಕಂಪ್ಯೂಟರ್‌ನಲ್ಲಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಅಂತ ಕಮಾಂಡ್ ಪ್ರಾಂಪ್ಟ್ ತೆರೆದು, ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೊಟ್ಟು ಜಿಪಿರಿಸಲ್ಟ್ ಓಡಿಸುತ್ತಾರೆ. ವರದಿ ಬರುತ್ತದೆ. ಆದರೆ ಅದು ಅಡ್ಮಿನ್‌ನ ವರದಿ, ಅಕ್ಕನದಲ್ಲ! ಅಡ್ಮಿನ್‌ಗೆ ನಿರ್ಬಂಧ ಇಲ್ಲ, ಹಾಗಾಗಿ ವರದಿಯೂ ಖಾಲಿ. 'ಪಾಲಿಸಿ ಏನೂ ಇಲ್ವಲ್ಲ' ಅಂತ ತಲೆ ಕೆರೆದುಕೊಳ್ಳುತ್ತಾರೆ. ಅಡ್ಮಿನ್ ಆಗಿ ಓಡಿಸುವಾಗ ಸ್ಲ್ಯಾಶ್ ಯೂಸರ್ ಹಾಕಿ ತೊಂದರೆ ಇರುವವರ ಲಾಗಿನ್ ಹೆಸರು ಕೊಡಲೇಬೇಕು. ಅವರು ಆ ಕಂಪ್ಯೂಟರ್‌ನಲ್ಲಿ ಒಮ್ಮೆಯಾದರೂ ಲಾಗಿನ್ ಆಗಿರಬೇಕು, ಇಲ್ಲದಿದ್ದರೆ ಮಾಹಿತಿ ಸಿಗುವುದಿಲ್ಲ.

ನಮ್ಮ ವರದಿಯಲ್ಲಿ ರೈಟ್ ಕ್ಲಿಕ್ ತೆಗೆದ ಪಾಲಿಸಿಯ ಹೆಸರು 'ಟೆಸ್ಟ್ 2' ಅಂತಿತ್ತು. ನಾನು ಮಾಡಿದ್ದಲ್ಲ. ನನಗಿಂತ ಮುಂಚೆ ಇದ್ದವರು ಯಾವಾಗಲೋ ಪ್ರಯತ್ನಕ್ಕೆ ಅಂತ ಮಾಡಿ, 'ಕೌಂಟರ್' ಅನ್ನುವ ಓಯುಗೆ ಲಿಂಕ್ ಮಾಡಿ ಬಿಟ್ಟಿದ್ದರು. ಆ ಓಯು ಒಳಗೆ ಆಗ ಯಾರ ಖಾತೆಯೂ ಇರಲಿಲ್ಲ. ಶನಿವಾರ ಸಂಜೆ ನಾನು ಕೌಂಟರ್‌ನ ನಾಲ್ಕೂ ಜನರ ಖಾತೆಗಳನ್ನು ಅದರೊಳಗೆ ಸರಿಸಿದ್ದೆ. ಖಾಲಿ ಓಯು ಅಂದುಕೊಂಡು ಅದಕ್ಕೆ ಲಿಂಕ್ ಆಗಿರುವ ಪಾಲಿಸಿಗಳನ್ನು ತೆರೆದು ನೋಡಲಿಲ್ಲ. ಸೋಮವಾರ ಬೆಳಿಗ್ಗೆ ಅವರು ಲಾಗಿನ್ ಆದಾಗ ಹಳೆಯ ಪಾಲಿಸಿ ಅವರ ಮೇಲೆ ಬಂತು. ಲಿಂಕ್ ತೆಗೆದೆ, ಅಕ್ಕನಿಗೆ ಲಾಗ್ ಆಫ್ ಆಗಿ ಮತ್ತೆ ಲಾಗಿನ್ ಆಗಲು ಹೇಳಿದೆ. ಮೆನು ಬಂತು.

ಪಾಲಿಸಿ ಬದಲಾಯಿಸಿದ ಮೇಲೆ ತಕ್ಷಣ ಫಲ ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ಕಂಪ್ಯೂಟರ್‌ಗಳು ಸಾಮಾನ್ಯವಾಗಿ 90 ನಿಮಿಷಕ್ಕೊಮ್ಮೆ ಪಾಲಿಸಿ ಹೊಸದಾಗಿ ತರುತ್ತವೆ, ಅದರ ಮೇಲೆ 0ಯಿಂದ 30 ನಿಮಿಷದವರೆಗೆ ಹೆಚ್ಚಾಗಬಹುದು. 'ಜಿಪಿಅಪ್‌ಡೇಟ್ ಸ್ಲ್ಯಾಶ್ ಫೋರ್ಸ್' ಕೊಟ್ಟರೆ ಕೂಡಲೇ ತರುತ್ತವೆ. ಆದರೂ ಸ್ಟಾರ್ಟ್ ಮೆನು, ಡೆಸ್ಕ್‌ಟಾಪ್ ವಿಷಯಕ್ಕೆ ಒಮ್ಮೆ ಲಾಗ್ ಆಫ್ ಆಗಿ ಬರುವುದೇ ನಿಜವಾದ ಪರೀಕ್ಷೆ.

ಬಳಕೆದಾರರ ಪಾಲಿಸಿ, ಕಂಪ್ಯೂಟರ್‌ಗಳ ಓಯು

'ಹಾಕಿದ್ದೇನೆ, ಆದರೆ ಬೀಳ್ತಾ ಇಲ್ಲ' ಅಂತ ಬರುವ ದೂರುಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಇದೇ. ಪ್ರತಿ ಪಾಲಿಸಿಯೊಳಗೆ ಎರಡು ಅರ್ಧ ಇರುತ್ತವೆ: ಕಂಪ್ಯೂಟರ್ ಕಾನ್ಫಿಗರೇಷನ್ ಮತ್ತು ಯೂಸರ್ ಕಾನ್ಫಿಗರೇಷನ್. ಮೆನು, ಡೆಸ್ಕ್‌ಟಾಪ್, ರನ್, ಕಂಟ್ರೋಲ್ ಪ್ಯಾನೆಲ್ ನಿರ್ಬಂಧಗಳು ಬಹುತೇಕ ಯೂಸರ್ ಭಾಗದಲ್ಲಿವೆ. ಯೂಸರ್ ಭಾಗ ಜಾರಿಯಾಗಲು ಆ ಪಾಲಿಸಿ ವ್ಯಕ್ತಿಯ ಖಾತೆ ಇರುವ ಓಯುಗೆ ಅಥವಾ ಅದರ ಮೇಲಿನ ಹಂತಕ್ಕೆ ಲಿಂಕ್ ಆಗಿರಬೇಕು. ಕಂಪ್ಯೂಟರ್‌ಗಳು ಇರುವ ಓಯುಗೆ ಲಿಂಕ್ ಮಾಡಿ ಎಷ್ಟು ದಿನ ಕಾದರೂ ಏನೂ ಆಗುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ.

ಕೆಲವೊಮ್ಮೆ ಯಂತ್ರಕ್ಕೆ ತಕ್ಕಂತೆಯೇ ನಿರ್ಬಂಧ ಬೇಕಾಗುತ್ತದೆ. ಸದಸ್ಯರು ತಮ್ಮ ಖಾತೆ ನೋಡಿಕೊಳ್ಳಲಿ ಅಂತ ಹಾಲ್‌ನಲ್ಲಿ ಇಟ್ಟ ಕಂಪ್ಯೂಟರ್ ಇದೆ ಅಂದುಕೊಳ್ಳಿ. ಅಲ್ಲಿ ಯಾರು ಲಾಗಿನ್ ಆದರೂ ಮೆನು ಕಡಿಮೆ ಇರಬೇಕು, ಮ್ಯಾನೇಜರ್ ಆದರೂ ಸರಿ. ಅದಕ್ಕೆ 'ಲೂಪ್‌ಬ್ಯಾಕ್ ಪ್ರೊಸೆಸಿಂಗ್' ಇದೆ. ಕಂಪ್ಯೂಟರ್ ಕಾನ್ಫಿಗರೇಷನ್‌ನ ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್ ಒಳಗೆ ಸಿಸ್ಟಂ, ಅದರೊಳಗೆ ಗ್ರೂಪ್ ಪಾಲಿಸಿ ತೆರೆದರೆ ಸಿಗುತ್ತದೆ. 'ಮರ್ಜ್' ಆರಿಸಿದರೆ ವ್ಯಕ್ತಿಯ ಪಾಲಿಸಿಯ ಮೇಲೆ ಯಂತ್ರದ ಓಯುನ ಪಾಲಿಸಿ ಸೇರುತ್ತದೆ, ಜಗಳ ಬಂದರೆ ಯಂತ್ರದ್ದು ಗೆಲ್ಲುತ್ತದೆ. 'ರಿಪ್ಲೇಸ್' ಆರಿಸಿದರೆ ವ್ಯಕ್ತಿಯದನ್ನು ಪೂರ್ತಿ ಬಿಟ್ಟು ಯಂತ್ರದ್ದೊಂದೇ ನಡೆಯುತ್ತದೆ. ಯಾರದ್ದೋ ನಿರ್ಬಂಧ ಒಂದೇ ಯಂತ್ರದಲ್ಲಿ ವಿಚಿತ್ರವಾಗಿ ಬದಲಾಗುತ್ತಿದ್ದರೆ ಲೂಪ್‌ಬ್ಯಾಕ್ ಆನ್ ಆಗಿದೆಯಾ ಅಂತ ಮೊದಲು ನೋಡಿ.

ಒಂದು ಬಾಗಿಲು ಮುಚ್ಚಿದಾಗ ಮುಚ್ಚಿಕೊಳ್ಳುವ ಇನ್ನೊಂದು ಬಾಗಿಲು

ಅದೇ ಸೋಮವಾರದ ಕಥೆ ಇನ್ನೂ ಇದೆ. ಹಿಂದಿನ ತಿಂಗಳು ಯಾರೋ ಪೆನ್‌ಡ್ರೈವ್‌ನಿಂದ ಏನೋ ಓಡಿಸಿ ಎರಡು ಕಂಪ್ಯೂಟರ್‌ಗೆ ವೈರಸ್ ಹತ್ತಿತ್ತು. ಆಡಳಿತ ಮಂಡಳಿಯವರು 'ರನ್, ಕಮಾಂಡ್ ಪ್ರಾಂಪ್ಟ್ ಎಲ್ಲ ಸಿಬ್ಬಂದಿಗೆ ಬೇಡ, ಮುಚ್ಚಿಬಿಡಿ' ಅಂದಿದ್ದರು. ಶನಿವಾರ ಅವೆರಡನ್ನೂ ಮುಚ್ಚಿದ್ದೆ. ಸೋಮವಾರ ಬೆಳಿಗ್ಗೆ 11ಕ್ಕೆ ಮೊದಲ ಫೋನ್: "ಜೆಡ್ ಡ್ರೈವ್ ಕಾಣ್ತಿಲ್ಲ ಸರ್, ಲೆಕ್ಕದ ಸಾಫ್ಟ್‌ವೇರ್ ಡೇಟಾ ಸಿಗ್ತಿಲ್ಲ ಅಂತಿದೆ." ಸಂಜೆ 6ಕ್ಕೆ ಇನ್ನೊಂದು: "ಪಿಗ್ಮಿ ಏಜೆಂಟ್ರು ಬಂದು ಕೂತಿದಾರೆ. ಫೋಲ್ಡರ್ ಓಪನ್ ಆಗ್ತಿಲ್ಲ, ಏನೋ ರಿಸ್ಟ್ರಿಕ್ಷನ್ ಅಂತ ಬರ್ತಿದೆ. ಬೇಗ ಬರ್ರಿ."

ಎರಡಕ್ಕೂ ಕಾರಣ ಪಾಲಿಸಿಯ ವಿವರಣೆಯಲ್ಲೇ ಬರೆದಿದೆ. ಆ ವಿವರಣೆಯನ್ನು ಪೂರ್ತಿ ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಕಮಾಂಡ್ ಪ್ರಾಂಪ್ಟ್ ಮುಚ್ಚುವ ಪಾಲಿಸಿ ಎನೇಬಲ್ ಮಾಡಿದಾಗ ಕೆಳಗೆ ಒಂದು ಪ್ರಶ್ನೆ ಇರುತ್ತದೆ: ಸ್ಕ್ರಿಪ್ಟ್ ಓಡುವುದನ್ನೂ ನಿಲ್ಲಿಸಬೇಕಾ? 'ಎಸ್' ಅಂದರೆ ಬ್ಯಾಚ್ ಫೈಲ್‌ಗಳು, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್‌ಗಳು ಕೂಡ ನಿಲ್ಲುತ್ತವೆ. ನಮ್ಮಲ್ಲಿ ಜೆಡ್ ಡ್ರೈವ್ ಜೋಡಿಸುತ್ತಿದ್ದದ್ದು ಲಾಗಿನ್ ಆಗುವಾಗ ಓಡುವ ಒಂದು ಪುಟ್ಟ ಬ್ಯಾಚ್ ಫೈಲ್. ನಾನು 'ಎಸ್' ಕೊಟ್ಟಿದ್ದೆ. ಬ್ಯಾಚ್ ಫೈಲ್ ನಿಂತಿತು, ಡ್ರೈವ್ ಹೋಯಿತು, ಲೆಕ್ಕದ ಸಾಫ್ಟ್‌ವೇರ್‌ಗೆ ಡೇಟಾ ದಾರಿ ತಪ್ಪಿತು. ಲಾಗಿನ್ ಬ್ಯಾಚ್ ಫೈಲ್ ಬಳಸುವ ಕಡೆ ಇದನ್ನು ಆರಿಸಬೇಡಿ ಅಂತ ಮೈಕ್ರೋಸಾಫ್ಟ್ ವಿವರಣೆಯೇ ಹೇಳುತ್ತದೆ. ಅಲ್ಲಿ 'ನೋ' ಮಾಡಿದೆ. ಆ ವಾರವೇ ಬ್ಯಾಚ್ ಫೈಲ್ ಕೈಬಿಟ್ಟು, ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನ ಡ್ರೈವ್ ಮ್ಯಾಪ್ಸ್‌ನಲ್ಲಿ ಜೆಡ್ ಜೋಡಿಸಿದೆ. ಅದಕ್ಕೆ ಬ್ಯಾಚ್ ಫೈಲ್ ಬೇಕಾಗಿಲ್ಲ.

ಪಿಗ್ಮಿ ಫೋಲ್ಡರ್ ಕಥೆ ಬೇರೆ. ಏಜೆಂಟರು ದಿನವಿಡೀ ಅಂಗಡಿ ಅಂಗಡಿ ಸುತ್ತಿ ಹಣ ಕಟ್ಟಿಸಿಕೊಂಡು, ಸಂಜೆ ತಮ್ಮ ಮಷೀನ್ ತಂದು ಕೊಡುತ್ತಾರೆ. ಅದರ ಫೈಲ್ ಇಳಿಸಿ ಸರ್ವರ್‌ನ ಫೋಲ್ಡರ್‌ಗೆ ಹಾಕಬೇಕು. ಆ ಕೆಲಸ ಮಾಡುವ ಹುಡುಗ ಫೈಲ್ ಎಕ್ಸ್‌ಪ್ಲೋರರ್‌ನ ಅಡ್ರೆಸ್ ಬಾರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಸರ್ವರ್ ಹೆಸರು, ಫೋಲ್ಡರ್ ಹೆಸರು ಟೈಪ್ ಮಾಡಿ ತೆರೆಯುತ್ತಿದ್ದ. ರನ್ ತೆಗೆಯುವ ಪಾಲಿಸಿ ಬರೀ ಸ್ಟಾರ್ಟ್ ಮೆನುವಿನ ಒಂದು ಸಾಲನ್ನು ತೆಗೆಯುವುದಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿದರೂ ರನ್ ಬರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ 'ರನ್ ನ್ಯೂ ಟಾಸ್ಕ್' ಹೋಗುತ್ತದೆ. ಅಡ್ರೆಸ್ ಬಾರ್‌ನಲ್ಲಿ ನೆಟ್‌ವರ್ಕ್ ದಾರಿ ಟೈಪ್ ಮಾಡಿ ಹೋಗುವುದೂ ನಿಲ್ಲುತ್ತದೆ. ಅಲ್ಲಿ ಸಿ ಅಂತ ಬರೆದು ಕೋಲನ್ ಹಾಕಿದರೂ ತಡೆಯುತ್ತದೆ. ಫೋಲ್ಡರ್‌ನ ಪರ್ಮಿಷನ್ ಹೋಗಿರುವುದಿಲ್ಲ, ನೆಟ್‌ವರ್ಕ್ ಚೆನ್ನಾಗೇ ಇರುತ್ತದೆ. ಟೈಪ್ ಮಾಡುವ ದಾರಿ ಮಾತ್ರ ಮುಚ್ಚಿದೆ. ಇದು ಗೊತ್ತಿಲ್ಲದೆ ಸರ್ವರ್‌ನಲ್ಲಿ ಪರ್ಮಿಷನ್ ಬದಲಾಯಿಸುತ್ತಾ ಕೂತರೆ ಇನ್ನೊಂದು ಗಂಟು ಬೀಳುತ್ತದೆ. ಆ ಫೋಲ್ಡರ್‌ಗೂ ಒಂದು ಡ್ರೈವ್ ಅಕ್ಷರ ಜೋಡಿಸಿ, ಹುಡುಗನಿಗೆ 'ಇನ್ಮುಂದೆ ಇದನ್ನ ಕ್ಲಿಕ್ ಮಾಡಪ್ಪ' ಅಂದೆ. ಏಜೆಂಟರು ಅವತ್ತು ಏಳೂವರೆಗೆ ಮನೆಗೆ ಹೋದರು. ಮಾಮೂಲಿಗಿಂತ ಒಂದು ಗಂಟೆ ತಡ. ಬೆಳಿಗ್ಗೆಯಿಂದ ಬಿಸಿಲಲ್ಲಿ ತಿರುಗಿದವರು ಅವರು. ಆ ಒಂದು ಗಂಟೆ ನನ್ನ ಮನಸ್ಸಿನಲ್ಲಿ ಈಗಲೂ ಇದೆ.

ಕಂಟ್ರೋಲ್ ಪ್ಯಾನೆಲ್ ಮುಚ್ಚುವ ಪಾಲಿಸಿಯೂ ಹೀಗೆಯೇ. ಅದು ಹೊಸ ಸೆಟ್ಟಿಂಗ್ಸ್ ಆ್ಯಪ್ ಅನ್ನೂ ಸೇರಿಸಿ ಮುಚ್ಚುತ್ತದೆ. ಪಾಸ್‌ಬುಕ್ ಪ್ರಿಂಟರ್, ಡಾಟ್ ಮ್ಯಾಟ್ರಿಕ್ಸ್, ಲೇಸರ್ ಮೂರೂ ಇರುವ ಟೇಬಲ್‌ನಲ್ಲಿ ಪ್ರಿಂಟರ್ ಸೆಟ್ಟಿಂಗ್ಸ್ ತೆರೆದು ಡೀಫಾಲ್ಟ್ ಬದಲಾಯಿಸಲು ಆಗುವುದಿಲ್ಲ. ಪೂರ್ತಿ ಮುಚ್ಚುವ ಬದಲು 'ಸೆಟ್ಟಿಂಗ್ಸ್ ಪೇಜ್ ವಿಸಿಬಿಲಿಟಿ' ಪಾಲಿಸಿ ಬಳಸಿ ಪ್ರಿಂಟರ್ ಪುಟ ಒಂದನ್ನೇ ಬಿಡಬಹುದು. ವಿಂಡೋಸ್ 10ರ 1703 ಆವೃತ್ತಿಯಿಂದ ಅದು ಇದೆ. ಅಲ್ಲಿ ಬರೆಯುವ ಪದದಲ್ಲಿ ಒಂದಕ್ಷರ ತಪ್ಪಿದರೂ ಅಂದುಕೊಂಡಂತೆ ಆಗುವುದಿಲ್ಲ. ಹಾಗಾಗಿ ಕಾಗುಣಿತ ಎರಡು ಸಲ ನೋಡಿ.

ಇನ್ನೊಂದು ಆಫೀಸ್‌ನಲ್ಲಿ ಬಂದ ದೂರು: ಕನ್ನಡ ಟೈಪ್ ಆಗುತ್ತಿಲ್ಲ, ಎಲ್ಲ ಇಂಗ್ಲಿಷ್ ಅಕ್ಷರ ಬರುತ್ತಿದೆ. ಕೀಬೋರ್ಡ್ ಬದಲಾಯಿಸಿದ್ದರು, ಫಾಂಟ್ ಮತ್ತೆ ಹಾಕಿದ್ದರು. ನಿಜವಾದ ಕಾರಣ 'ಪಟ್ಟಿಯಲ್ಲಿರುವ ಪ್ರೋಗ್ರಾಂ ಮಾತ್ರ ಓಡಲಿ' ಅನ್ನುವ ಪಾಲಿಸಿ. ಪಟ್ಟಿಯಲ್ಲಿ ಎಕ್ಸೆಲ್ ಇತ್ತು, ವರ್ಡ್ ಇತ್ತು, ಬ್ರೌಸರ್ ಇತ್ತು. ನುಡಿ ತಂತ್ರಾಂಶದ ಫೈಲ್ ಹೆಸರು ಇರಲಿಲ್ಲ. ನುಡಿ ಹಿಂದೆ ಓಡುತ್ತಿದ್ದರೆ ತಾನೇ ಕನ್ನಡ ಅಕ್ಷರ ಮೂಡುವುದು? ಸರಿ ಇರುವ ಒಂದು ಕಂಪ್ಯೂಟರ್‌ನಲ್ಲಿ ಟಾಸ್ಕ್ ಮ್ಯಾನೇಜರ್‌ನ ಡಿಟೇಲ್ಸ್ ಟ್ಯಾಬ್ ತೆರೆದು, ಫೈಲ್ ಹೆಸರನ್ನು ಇದ್ದ ಹಾಗೇ ಬರೆದುಕೊಂಡು ಪಟ್ಟಿಗೆ ಸೇರಿಸಿದೆವು. ಈ ಪಾಲಿಸಿ ನೋಡುವುದು ಫೈಲ್ ಹೆಸರನ್ನು ಮಾತ್ರ. ಬೇರೆ ಪ್ರೋಗ್ರಾಂಗೆ ಎಕ್ಸೆಲ್ ಹೆಸರಿಟ್ಟರೆ ಅದೂ ಓಡುತ್ತದೆ. ಆದ್ದರಿಂದ ವೈರಸ್ ತಡೆಗೆ ಇದನ್ನೇ ನಂಬಿ ಕೂರಬೇಡಿ.

'ಎನೇಬಲ್ಡ್' ಅಂದರೆ ಕೊಟ್ಟದ್ದಲ್ಲ, ಕಿತ್ತುಕೊಂಡದ್ದು

ಈ ಪಾಲಿಸಿಗಳ ಹೆಸರುಗಳು ಹೆಚ್ಚಾಗಿ 'ರಿಮೂವ್', 'ಪ್ರಿವೆಂಟ್', 'ಪ್ರೊಹಿಬಿಟ್' ಅಂತ ಶುರುವಾಗುತ್ತವೆ. ಹಾಗಾಗಿ 'ರನ್ ಮೆನು ತೆಗೆ' ಅನ್ನುವುದಕ್ಕೆ ಎನೇಬಲ್ಡ್ ಹಾಕಿದರೆ ರನ್ ಹೋಗುತ್ತದೆ. ಡಿಸೇಬಲ್ಡ್ ಹಾಕಿದರೆ ರನ್ ಇರಲೇಬೇಕು ಅಂತ ಆಜ್ಞೆ. 'ನಾಟ್ ಕಾನ್ಫಿಗರ್ಡ್' ಅಂದರೆ ಈ ಪಾಲಿಸಿಗೆ ಆ ವಿಷಯದಲ್ಲಿ ಮಾತಿಲ್ಲ, ಬೇರೆಯವರು ಏನು ಹೇಳಿದ್ದಾರೋ ಅದು. ನಿರ್ಬಂಧ ತೆಗೆಯಲು ಹೊರಟವರು ಡಿಸೇಬಲ್ಡ್ ಹಾಕಿ, ಮೇಲಿನ ಹಂತದಲ್ಲಿ ಬೇಕೆಂದೇ ಹಾಕಿದ್ದ ನಿರ್ಬಂಧವನ್ನೂ ಅಳಿಸಿಬಿಡುವುದನ್ನು ನೋಡಿದ್ದೇನೆ. ಬೇಡವಾದರೆ ನಾಟ್ ಕಾನ್ಫಿಗರ್ಡ್ ಮಾಡಿ, ಸಾಕು.

ಪ್ರತಿ ಸೆಟ್ಟಿಂಗ್ ಕೆಳಗೆ 'ಸಪೋರ್ಟೆಡ್ ಆನ್' ಅಂತ ಒಂದು ಸಾಲು ಇರುತ್ತದೆ. ಹಳೆಯ ಸ್ಟಾರ್ಟ್ ಮೆನುವಿಗೆ ಅಂತ ಮಾಡಿದ ಕೆಲವು ಪಾಲಿಸಿಗಳು ಹೊಸ ವಿಂಡೋಸ್‌ನಲ್ಲಿ ಕೆಲಸ ಮಾಡುವುದಿಲ್ಲ. ಅಂಥದ್ದಕ್ಕೆ ದಿನಗಟ್ಟಲೆ ಹುಡುಕಾಡಿ ಪ್ರಯೋಜನ ಇಲ್ಲ.

ಬೀಗ ಬೀಳುತ್ತಲೇ ಇಲ್ಲ

ಅದೇ ಸಂಘಕ್ಕೆ ಚಿತ್ರದುರ್ಗದಲ್ಲೊಂದು ಶಾಖೆ. ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಅಲ್ಲಿಯ ಮೂರು ಕಂಪ್ಯೂಟರ್‌ನಲ್ಲಿ ಎರಡಕ್ಕೆ ನಿರ್ಬಂಧ ಬಂದಿತ್ತು, ಒಂದಕ್ಕೆ ಬಂದಿರಲಿಲ್ಲ. ಫೋನ್‌ನಲ್ಲೇ ಕೇಳುತ್ತಾ ಹೋದೆ. ಆ ಒಂದರಲ್ಲಿ ಇಂಟರ್‌ನೆಟ್ ನಿಧಾನ ಅಂತ ಯಾರೋ ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹೇಳುವ ಸರ್ವರ್) ಜಾಗದಲ್ಲಿ ಗೂಗಲ್‌ನ 8.8.8.8 ಹಾಕಿದ್ದರು. ಹೊರಗಿನ ಡಿಎನ್‌ಎಸ್‌ಗೆ ನಮ್ಮ ಡೊಮೇನ್ ಸರ್ವರ್ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಇಂಟರ್‌ನೆಟ್ ನಡೆಯುತ್ತದೆ, ಲಾಗಿನ್ ಕೂಡ ಹಿಂದಿನ ನೆನಪಿನ ಮೇಲೆ ಆಗುತ್ತದೆ. ಪಾಲಿಸಿ ಮಾತ್ರ ಬರುವುದಿಲ್ಲ. ಡೊಮೇನ್‌ನಲ್ಲಿರುವ ಕಂಪ್ಯೂಟರ್‌ಗೆ ಡಿಎನ್‌ಎಸ್ ಡೊಮೇನ್‌ನದೇ ಇರಬೇಕು.

ಇಂಥ ಸಂದರ್ಭಕ್ಕೆ ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ನೋಡಿ. ಸಿಸ್ಟಂ ಲಾಗ್‌ನಲ್ಲಿ ಇವೆಂಟ್ ನಂಬರ್ 1129 ಕಂಡರೆ ಡೊಮೇನ್ ಕಂಟ್ರೋಲರ್‌ಗೆ (ಡೊಮೇನ್ ನಡೆಸುವ ಸರ್ವರ್) ಸಂಪರ್ಕ ಸಿಗಲಿಲ್ಲ ಅಂತ. 1058 ಕಂಡರೆ ಪಾಲಿಸಿಯ ಫೈಲ್ ಓದಲು ಆಗಲಿಲ್ಲ ಅಂತ.

ಗಡಿಯಾರವನ್ನೂ ನೋಡಿ. ಮದರ್‌ಬೋರ್ಡ್ ಮೇಲೆ ನಾಣ್ಯದ ಹಾಗಿರುವ ಸಿಆರ್2032 ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ಸರ್ವರ್‌ಗೂ ಕಂಪ್ಯೂಟರ್‌ಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಆದರೆ ಲಾಗಿನ್ ಗುರುತು ಪರೀಕ್ಷಿಸುವ ಕರ್ಬೆರಾಸ್ ಅದನ್ನು ಒಪ್ಪುವುದಿಲ್ಲ. ಸ್ವಲ್ಪ ಹೊತ್ತಿಗೆ ಸಮಯ ತಾನೇ ಸರಿಹೋಗಬಹುದು, ಆದರೆ ಲಾಗಿನ್ ಆದ ಹೊತ್ತಿನಲ್ಲಿ ತಪ್ಪಿದ್ದರೆ ಪಾಲಿಸಿ ಬಂದಿರುವುದಿಲ್ಲ. ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ನಡೆಯುವ ಕಂಪ್ಯೂಟರ್ ಇದ್ದರೆ ಕ್ಯಾಬಿನೆಟ್ ಬಿಚ್ಚಿ ಸೆಲ್ ಬದಲಾಯಿಸಿ. ಮಂಡಕ್ಕಿ ಭಟ್ಟಿಗಳ ಕಡೆಯ ಆಫೀಸ್‌ಗಳಲ್ಲಿ ಬಿಚ್ಚಿದಾಗ ಮಸಿ, ಧೂಳು ಎಲ್ಲ ಒರೆಸಿಯೇ ಮುಚ್ಚಿ.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದೇ ಕಷ್ಟ. ಪಾಲಿಸಿ ಕೆಲವರಿಗೆ ಮಾತ್ರ ಇರಲಿ ಅಂತ ಸೆಕ್ಯೂರಿಟಿ ಫಿಲ್ಟರಿಂಗ್‌ನಲ್ಲಿ 'ಅಥೆಂಟಿಕೇಟೆಡ್ ಯೂಸರ್ಸ್' ತೆಗೆದು ಒಂದು ಗುಂಪನ್ನು ಹಾಕುತ್ತೇವೆ. 2016ರ ಜೂನ್‌ನಲ್ಲಿ ಬಂದ ಎಂಎಸ್16-072 ಸೆಕ್ಯೂರಿಟಿ ಅಪ್‌ಡೇಟ್ ಆದಮೇಲೆ, ಯೂಸರ್ ಪಾಲಿಸಿಯನ್ನೂ ಕಂಪ್ಯೂಟರ್ ತನ್ನ ಖಾತೆಯ ಹೆಸರಿನಲ್ಲೇ ಹೋಗಿ ತರುತ್ತದೆ. ಕಂಪ್ಯೂಟರ್‌ಗೆ ಓದುವ ಅನುಮತಿ ಇಲ್ಲದಿದ್ದರೆ ಗುಂಪಿನಲ್ಲಿ ಹೆಸರಿದ್ದರೂ ಪಾಲಿಸಿ ಬರುವುದಿಲ್ಲ. ಡೆಲಿಗೇಷನ್ ಟ್ಯಾಬ್‌ಗೆ ಹೋಗಿ 'ಡೊಮೇನ್ ಕಂಪ್ಯೂಟರ್ಸ್' ಗುಂಪಿಗೆ 'ರೀಡ್' ಕೊಡಿ. 'ಅಪ್ಲೈ' ಬೇಡ, ಓದಲು ಬಿಟ್ಟರೆ ಸಾಕು.

ವಿಂಡೋಸ್ ಹೋಂ ಆವೃತ್ತಿ ಇದ್ದರೆ ಮೇಲಿನ ಗ್ರೂಪ್ ಪಾಲಿಸಿ ದಾರಿಗಳು ಅನ್ವಯಿಸುವುದಿಲ್ಲ. ಅದು ಡೊಮೇನ್‌ಗೆ ಸೇರುವುದಿಲ್ಲ, ಜಿಪಿಎಡಿಟ್ ಅದರಲ್ಲಿ ಇಲ್ಲ.

ಕೈಯಿಂದ ಬರೆದದ್ದು

ವರದಿಯಲ್ಲಿ ಯಾವ ಪಾಲಿಸಿಯ ಹೆಸರೂ ಇಲ್ಲ, ಆದರೆ ಬೀಗ ಇದೆ. ಆಗ ರಿಜಿಸ್ಟ್ರಿ ನೋಡಬೇಕು. ಕರೆಂಟ್ ಯೂಸರ್ ಒಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಪಾಲಿಸೀಸ್, ಕೊನೆಗೆ ಎಕ್ಸ್‌ಪ್ಲೋರರ್. ನೋ-ರನ್, ನೋ-ಕಂಟ್ರೋಲ್-ಪ್ಯಾನೆಲ್, ನೋ-ವ್ಯೂ-ಕಾಂಟೆಕ್ಸ್ಟ್-ಮೆನು ಅನ್ನುವ ಹೆಸರುಗಳು ಅಲ್ಲಿರುತ್ತವೆ. ರಿಜಿಸ್ಟ್ರಿಯಲ್ಲಿ ಅಡ್ಡಗೆರೆ ಇಲ್ಲದೆ ಕೂಡಿಸಿ ಬರೆದಿರುತ್ತದೆ. ಬೆಲೆ 1 ಇದ್ದರೆ ಬೀಗ ಬಿದ್ದಿದೆ.

ಇಲ್ಲೂ ಜಿಪಿರಿಸಲ್ಟ್‌ನ ಹಾಗೆಯೇ ಒಂದು ಬಲೆ ಇದೆ. ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ರಿಜಿಸ್ಟ್ರಿ ತೆರೆದರೆ ಕರೆಂಟ್ ಯೂಸರ್ ಅಂದರೆ ಅಡ್ಮಿನ್. ಸಾಮಾನ್ಯ ಖಾತೆಯಿಂದ ತೆರೆದರೆ ಓದಬಹುದು, ಪಾಲಿಸೀಸ್ ಕೆಳಗೆ ಬರೆಯಲು ಬಿಡುವುದಿಲ್ಲ. ಆದ್ದರಿಂದ ತೊಂದರೆ ಇರುವವರು ಲಾಗಿನ್ ಆಗಿರುವಾಗಲೇ ಅಡ್ಮಿನ್ ಆಗಿ ತೆರೆದು, 'ಯೂಸರ್ಸ್' ಅನ್ನುವ ಬೇರೆ ಕೊಂಬೆಗೆ ಹೋಗಿ, ಅವರ ಎಸ್‌ಐಡಿ (ವಿಂಡೋಸ್ ಪ್ರತಿ ಖಾತೆಗೂ ಕೊಡುವ ಗುರುತಿನ ಸಂಖ್ಯೆ) ಕೆಳಗೆ ಅದೇ ದಾರಿ ಹಿಡಿಯಬೇಕು. ಯಾವ ಎಸ್‌ಐಡಿ ಯಾರದ್ದು ಅಂತ ಲೋಕಲ್ ಮಷೀನ್ ಕೊಂಬೆಯ 'ಪ್ರೊಫೈಲ್ ಲಿಸ್ಟ್' ಒಳಗೆ ಇರುತ್ತದೆ. ಪ್ರತಿ ಸಂಖ್ಯೆಯ ಮುಂದೆ ಅವರ ಫೋಲ್ಡರ್ ದಾರಿ ಕಾಣುತ್ತದೆ. ಅಳಿಸುವ ಮೊದಲು ಆ ಕೀ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಅಳಿಸಿದ್ದು ಮತ್ತೆ ತಾನಾಗೇ ಬಂದರೆ ಎಲ್ಲೋ ಒಂದು ಪಾಲಿಸಿ ಇನ್ನೂ ಜೀವಂತ ಇದೆ ಅಂತ ಅರ್ಥ.

ಡೊಮೇನ್ ಇಲ್ಲದ ಸಣ್ಣ ಆಫೀಸ್‌ನಲ್ಲಿ ಜಿಪಿಎಡಿಟ್‌ನ ಯೂಸರ್ ಭಾಗದಲ್ಲಿ ಹಾಕಿದ್ದು ಆ ಯಂತ್ರದ ಎಲ್ಲರಿಗೂ ತಗಲುತ್ತದೆ, ಅಡ್ಮಿನ್‌ಗೂ. ತನ್ನನ್ನೇ ಹೊರಗಿಟ್ಟು ಬೀಗ ಹಾಕಿಕೊಂಡ ಹಾಗೆ ಆಗುತ್ತದೆ. ವಿಸ್ತಾ ಕಾಲದಿಂದ 'ನಾನ್ ಅಡ್ಮಿನಿಸ್ಟ್ರೇಟರ್ಸ್'ಗೆ ಬೇರೆ ಲೋಕಲ್ ಪಾಲಿಸಿ ಮಾಡಲು ಅವಕಾಶ ಇದೆ. ಎಂಎಂಸಿ ಅನ್ನುವ ವಿಂಡೋಸ್ ಟೂಲ್ ತೆರೆದು, ಗ್ರೂಪ್ ಪಾಲಿಸಿ ಆಬ್ಜೆಕ್ಟ್ ಎಡಿಟರ್ ಸೇರಿಸುವಾಗ ಬ್ರೌಸ್ ಒತ್ತಿ, ಯೂಸರ್ಸ್ ಟ್ಯಾಬ್‌ನಲ್ಲಿ ಅದನ್ನು ಆರಿಸಿ. ಸಿಬ್ಬಂದಿಗೆ ನಿರ್ಬಂಧ, ನಿಮಗೆ ದಾರಿ ಎರಡೂ ಉಳಿಯುತ್ತವೆ.

ಈಗ ಯಾವುದೇ ನಿರ್ಬಂಧ ಹಾಕುವ ಮೊದಲು ಕೌಂಟರ್ ಓಯುನಲ್ಲಿ 'ಪರೀಕ್ಷೆ' ಅನ್ನುವ ಒಂದು ಖಾತೆ ಇಟ್ಟಿದ್ದೇನೆ. ಮೊದಲು ಅದಕ್ಕೆ ಹಾಕಿ, ಅಕ್ಕನ ಪಕ್ಕ ಕೂತು ಅವರ ಒಂದು ದಿನದ ಕೆಲಸ ಪೂರ್ತಿ ಮಾಡಿ ನೋಡುತ್ತೇನೆ: ಜಮಾ, ಪಾಸ್‌ಬುಕ್ ಪ್ರಿಂಟ್, ಪಿಗ್ಮಿ ಫೈಲ್, ಸಂಜೆಯ ಲೆಕ್ಕ. ಶನಿವಾರ ಸಂಜೆ ಹಾಕುವುದನ್ನು ಬಿಟ್ಟಿದ್ದೇನೆ, ಮಂಗಳವಾರ ಬೆಳಿಗ್ಗೆ ಹಾಕುತ್ತೇನೆ. ಏನಾದರೂ ಆದರೆ ನಾನು ಅಲ್ಲೇ ಇರುತ್ತೇನೆ. ಸರ್ವರ್ ರ‍್ಯಾಕ್ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ: ಯಾವ ಪಾಲಿಸಿ, ಯಾವ ಓಯು, ಯಾವ ದಿನ, ಯಾರು ಕೇಳಿದ್ದು. 'ಟೆಸ್ಟ್ 2' ಅಂಥ ಹೆಸರುಗಳು ಈಗ ಅಲ್ಲಿ ಇಲ್ಲ.

ಫೋನ್ ಬಂದಾಗ ನಾನು ಕೇಳುವ ಪ್ರಶ್ನೆಗಳೂ ಆ ಹಾಳೆಯ ಕೆಳಗಿವೆ. ನೋಟ್‌ಪ್ಯಾಡ್‌ನಲ್ಲಿ ರೈಟ್ ಕ್ಲಿಕ್ ಬರುತ್ತಾ? ಪಕ್ಕದ ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಲ್ಲಿ ಲಾಗಿನ್ ಆದರೂ ಹೀಗೇ ಆಗುತ್ತಾ? ನಿನ್ನೆ ಬರುತ್ತಿತ್ತಾ? ಕೆಳಗಿನ ಮೂಲೆಯಲ್ಲಿ ಟೈಮು, ತಾರೀಖು ಸರಿ ಇದೆಯಾ? ಮೊನ್ನೆ ಕೌಂಟರ್‌ಗೆ ಹೊಸದಾಗಿ ಸೇರಿದ ಹುಡುಗಿ ನಾನು ಕೇಳುವ ಮೊದಲೇ ನಾಲ್ಕಕ್ಕೂ ಉತ್ತರ ಬರೆದುಕೊಂಡು ಫೋನ್ ಮಾಡಿದ್ದಳು. ಅಕ್ಕ ಹೇಳಿಕೊಟ್ಟಿದ್ದರಂತೆ.